ಪದಚರ್ಚೆ: ‘ರೇಸ್’ಗೆ ‘ಜನಾಂಗ’ ಸರಿಯೇ?

ಗೆಳೆಯರೇ,

ಬ್ರಿಟನ್ನಿನ ರೇಸ್ ರಿಲೇಷನ್ಸ್ ಕಾಯ್ದೆಗಳ (ಮೈಬಣ್ಣ, ಮೂಲ ನೋಡಿ ಭೇದ ಮಾಡುವುದನ್ನು ತಡೆಯಲು ತಂದವು) ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ರೇಸ್’ ಅನ್ನೋ ಪದದ ಹತ್ತಿರವೇ ಗಾಡಿ ನಿಂತಿದೆ. ಎಲ್ಲರೂ ‘ಜನಾಂಗ’ ಅಂತಲೇ ಬರೆಯುತ್ತಾರೆ. ಆದರೆ ನಮ್ಮ ಕಡೆ “ನಿಮ್ಮದು ಯಾವ ಜನಾಂಗ?” ಅಂದರೆ ಕೇಳಿದ್ದು ಜಾತಿಯನ್ನೇ ಅಲ್ವಾ? ‘ಜಾತಿ’ ಅನ್ನೋಕೆ ಮುಜುಗರ, ಅದಕ್ಕೇ ಈ ಪದ.

1965ರ ಮೊದಲ ಕಾಯ್ದೆಯ ಮಟ್ಟಿಗೆ ಹೇಗೋ ಸುಧಾರಿಸಬಹುದು. ಹೋಟೆಲು, ಸಿನಿಮಾ ಮಂದಿರ, ಬಸ್ಸಿನಂಥ ಕಡೆ ಭೇದ ಮಾಡಬಾರದು ಅನ್ನೋದೇ ಅದರ ಮುಖ್ಯ ಮಾತು. ಕೆಲಸ, ಬಾಡಿಗೆ ಮನೆ ಅದರೊಳಗೆ ಬಂದಿದ್ದು 1968ರಲ್ಲಿ. ಅಲ್ಲೆಲ್ಲ ಜಗಳ ಹೆಚ್ಚಾಗಿ ಮೈಬಣ್ಣದ್ದು, ‘ವರ್ಣಭೇದ’ ಅನ್ನೋ ಪದವೇ ಸಾಕಾಗುತ್ತದೆ.

ತೊಡಕು 1976ರ ಕಾಯ್ದೆಯದು. ಬರ್ಮಿಂಗ್‌ಹ್ಯಾಮಿನ ಒಂದು ಖಾಸಗಿ ಶಾಲೆ, ಪಗಡಿ ಬಿಟ್ಟು ಕೂದಲು ಕತ್ತರಿಸಿಕೊಂಡರೆ ಮಾತ್ರ ಸೀಟು ಅಂತ ಸಿಖ್ ಹುಡುಗನೊಬ್ಬನಿಗೆ ಹೇಳಿತು. ಆ ಕಾಯ್ದೆಯಲ್ಲಿ ಧರ್ಮದ ಮಾತಿಲ್ಲ. ಸಿಖ್ಖರದು ಧರ್ಮ, ಇಲ್ಲಿ ಅನ್ವಯಿಸಲ್ಲ ಅಂದಿತು ಮೇಲ್ಮನವಿ ಕೋರ್ಟು. 1983ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಅದೇ) ಅದನ್ನು ತಳ್ಳಿಹಾಕಿತು. ಬಹುಕಾಲದಿಂದ ಬಂದ ಒಂದೇ ಚರಿತ್ರೆ, ತಮ್ಮದೇ ನಡೆನುಡಿ ಇದ್ದರೆ ಅದು ‘ಎಥ್ನಿಕ್’ ಗುಂಪು, ಕಾಯ್ದೆಯೊಳಗೆ ಬರುತ್ತದೆ, ರಕ್ತ ಬೇರೆ ಇರಲೇಬೇಕೆಂದಿಲ್ಲ ಅನ್ನೋದು ಅದರ ವಾದ. ಇದಕ್ಕೂ ‘ಜನಾಂಗೀಯ’ ಅಂತಲೇ ಹಾಕಿದರೆ ತೀರ್ಪಿನ ತಿರುಳೇ ಮಾಯ. ‘ಬುಡಕಟ್ಟು’ ಅಂದರೆ ಸೋಲಿಗರು, ಜೇನುಕುರುಬರು ಕಣ್ಣಮುಂದೆ ಬರುತ್ತಾರೆ.

ಅದಕ್ಕಿಂತ ಜಾಸ್ತಿ ಪೇಚು 2010ರ ಸಮಾನತೆ ಕಾಯ್ದೆ. ಅದರ ‘ರೇಸ್’ ಕಲಮಿಗೆ ಮುಂದೆ ಜಾತಿಯನ್ನೂ ಸೇರಿಸಲು ಜಾಗ ಬಿಟ್ಟಿದ್ದರು. ಸೇರಿಸಲೇಬೇಕು ಅಂತ 2013ರಲ್ಲಿ ಸಂಸತ್ತು ಹೇಳಿತು. ಅಲ್ಲಿನ ಭಾರತೀಯರಲ್ಲೇ ಪರ-ವಿರೋಧ ಜೋರಾಯಿತು. ಕೊನೆಗೆ 2018ರಲ್ಲಿ ಸರ್ಕಾರ ಸೇರಿಸಲ್ಲ ಅಂದುಬಿಟ್ಟಿತು, ಕೋರ್ಟುಗಳೇ ನೋಡಿಕೊಳ್ಳಲಿ ಅಂತ. (ನನಗೇನೋ ಇದು ಜಾರಿಕೊಳ್ಳೋ ಮಾತು ಅನ್ನಿಸಿತು.) ಈಗ ‘ಜನಾಂಗದ ಕಲಮಿಗೆ ಜಾತಿ ಸೇರಿಸಲಿಲ್ಲ’ ಅಂತ ಬರೆಯಲೇ? ತುಮಕೂರಿನ ಓದುಗರು ‘ಜಾತಿಗೆ ಜಾತಿ ಸೇರಿಸೋದು ಏನು ಬಂತು?’ ಅಂತಾರೆ.

ಸದ್ಯಕ್ಕೆ ‘ರೇಸ್’ ಹಾಗೇ ಉಳಿಸಿದ್ದೇನೆ. ಕುದುರೆ ರೇಸು ನೆನಪಾಗುತ್ತೆ ಅಂತ ದಯವಿಟ್ಟು ಹೇಳಬೇಡಿ, ಮನೆಯಲ್ಲಿ ಆಗಲೇ ಹೇಳಿದ್ದಾರೆ. ‘ಎಥ್ನಿಕ್ ಗುಂಪಿ’ಗೆ ‘ಜನಸಮುದಾಯ’ ಹಾಕಿದ್ದೇನೆ, ಸಪ್ಪೆ ಅನ್ನಿಸುತ್ತಿದೆ. ‘ಕುಲ’ ಚೆನ್ನಾಗಿತ್ತು, ಆದರೆ ಅದೂ ಜಾತಿಗೇ ಹೋಗಿ ಸೇರುತ್ತದೆ. ಪತ್ರಿಕೆಯಲ್ಲೋ ಕೋರ್ಟಿನಲ್ಲೋ ಇರುವವರು ಈ ಎರಡಕ್ಕೂ ಏನು ಬಳಸುತ್ತೀರಿ?