ಸಹಾಯ ಬೇಕು: ತಮ್ಮನ ಡೆಲಿವರಿ ಐಡಿ ಬ್ಲಾಕ್ ಮಾಡಿದ್ದಾರೆ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಬೆಂಗಳೂರಿನಲ್ಲಿ ಫುಡ್ ಡೆಲಿವರಿ ಮಾಡುತ್ತಾನೆ. ಹೋದ ವಾರ ಕಂಪನಿಯವರು ದಿಢೀರನೆ ಅವನ ಐಡಿ ಬ್ಲಾಕ್ ಮಾಡಿದ್ದಾರೆ. ಆರ್ಡರ್ ಬಂದಿಲ್ಲ ಅಂತ ಯಾರೋ ಗ್ರಾಹಕರು ದೂರು ಕೊಟ್ಟರಂತೆ. ಆ್ಯಪ್‌ನಲ್ಲಿ ಕೇಳಿದರೆ ಅದೇ ರೆಡಿಮೇಡ್ ಉತ್ತರ, ಆಮೇಲೆ ಚಾಟ್ ಕ್ಲೋಸ್. ಮಾತಾಡಲು ಒಬ್ಬ ಮನುಷ್ಯನೂ ಸಿಗುವುದಿಲ್ಲ! ಬೈಕ್ ಕಂತು ಬೇರೆ ಇದೆ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ (ಹೀಗೆ ಆ್ಯಪ್ ಮೂಲಕ ಕೆಲಸ ಮಾಡುವವರ) ಕಾಯ್ದೆ ಬಂತು ಅಲ್ವಾ? ಕೆಲಸದಿಂದ ತೆಗೆಯುವ ಮುಂಚೆ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕು ಅಂತ ಅದರಲ್ಲಿದೆ. ಇವನಿಗೆ ಯಾವ ನೋಟಿಸೂ ಬಂದಿಲ್ಲ. ತೆಗೆದಿಲ್ಲ, ಸುಮ್ನೆ ಬ್ಲಾಕ್ ಮಾಡಿದ್ದೇವೆ ಅಂತ ಜಾರಿಕೊಳ್ಳಬಹುದಾ? ಮೊದಲು ಕಂಪನಿಯ ಒಳಗಿನ ಸಮಿತಿಗೆ ಬರೆಯಬೇಕಾ, ನೇರ ಕಾರ್ಮಿಕ ಇಲಾಖೆಗೆ ಹೋಗಬಹುದಾ? ಡೆಲಿವರಿ ಫೋಟೊ, ಚಾಟ್ ಸ್ಕ್ರೀನ್‌ಶಾಟ್ ಇಟ್ಟಿದ್ದಾನೆ. ಹೀಗೆ ದೂರು ಕೊಟ್ಟವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.