ಗ್ಲಿಯೋಬ್ಲಾಸ್ಟೋಮಾ, ಟೆಮೊಜೊಲೊಮೈಡ್: ಡಾಕ್ಟರನ್ನು ಕೇಳಿ

ಅಡ್ಮಿನ್: ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಗಡ್ಡೆ, ಅದರ ಔಷಧಿ ಟೆಮೊಜೊಲೊಮೈಡ್ ಬಗ್ಗೆ ಇವತ್ತು ಕ್ಯಾನ್ಸರ್ ತಜ್ಞೆ ಮೇಡಂ ಉತ್ತರಿಸುತ್ತಾರೆ. ರಿಪೋರ್ಟ್ ಹಾಕುವಾಗ ರೋಗಿಯ ಹೆಸರು ಅಳಿಸಿ.

ಮಹೇಶ: ಅಣ್ಣನಿಗೆ ರೇಡಿಯೇಶನ್ ಜೊತೆ ಟೆಮೊಜೊಲೊಮೈಡ್ ಶುರುವಾಗಿದೆ. ಕ್ಯಾಪ್ಸೂಲ್ ನುಂಗೋಕೆ ಕಷ್ಟ. ಬಿಡಿಸಿ ಜೇನುತುಪ್ಪದಲ್ಲಿ ಕಲಸಿ ಕೊಡಬಹುದಾ ಮೇಡಂ?

ಡಾಕ್ಟರ್: ಬೇಡ. ಆ ಪುಡಿ ಕೊಡುವವರ ಕೈಗೂ ತಾಗಬಾರದು, ಉಸಿರಿಗೂ ಹೋಗಬಾರದು. ಖಾಲಿ ಹೊಟ್ಟೆಗೆ, ತುಂಬಾ ನೀರಿನ ಜೊತೆ ಒಂದೊಂದಾಗಿ ನುಂಗಿಸಿ. ವಾಂತಿ ತಡೆಯುವ ಮಾತ್ರೆ ಅರ್ಧ ಗಂಟೆ ಮುಂಚೆಯೇ ಕೊಟ್ಟಿರಿ. ವಾಂತಿಯಾಗಿಬಿಟ್ಟರೆ ಅವತ್ತು ಇನ್ನೊಂದು ಡೋಸ್ ಕೊಡಬೇಡಿ.

ನಾಗರತ್ನ: ಹೊಟ್ಟೆಗೆ ಹೋದ ಮಾತ್ರೆ ಮಿದುಳಿಗೆ ಹೇಗೆ ಮುಟ್ಟುತ್ತೆ?

ಡಾಕ್ಟರ್: ಒಳ್ಳೆ ಪ್ರಶ್ನೆ. 1980ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಂ ಸ್ಟೀವನ್ಸ್ ತಂಡ ಇದನ್ನು ತಯಾರಿಸಿತು. ಜಠರದ ಆಮ್ಲದಲ್ಲಿ ಕೆಡುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ ತಾನಾಗಿಯೇ ಒಡೆಯುತ್ತೆ. ಅಣು ಚಿಕ್ಕದು, ಹಾಗಾಗಿ ಮಿದುಳಿನ ರಕ್ತನಾಳಗಳ ಬಿಗಿ ಗೋಡೆಯನ್ನೂ ದಾಟುತ್ತೆ. ಒಡೆದ ತುಣುಕು ಗಡ್ಡೆಯ ಡಿಎನ್ಎಗೆ ಮೀಥೈಲ್ ಅಂಟಿಸುತ್ತೆ. ಅದನ್ನು ಕಿತ್ತು ರಿಪೇರಿ ಮಾಡುವ ಪ್ರೋಟೀನೇ ಎಂಜಿಎಂಟಿ. ರಿಪೋರ್ಟಿನಲ್ಲಿ ‘ಎಂಜಿಎಂಟಿ ಮೀಥೈಲೇಟೆಡ್’ ಅಂತಿದ್ದರೆ ರಿಪೇರಿಯವನು ರಜೆಯಲ್ಲಿದ್ದಾನೆ ಅಂತ ಅರ್ಥ, ಔಷಧಿ ಚೆನ್ನಾಗಿ ನಾಟುತ್ತೆ. 2005ರಲ್ಲಿ ರೋಜರ್ ಸ್ಟಪ್ ತಂಡದ ಅಧ್ಯಯನ ಬಂತು. 2 ವರ್ಷ ದಾಟಿ ಬದುಕಿದವರು ಬರೀ ರೇಡಿಯೇಶನ್‌ನಲ್ಲಿ ಶೇ. 10.4, ಈ ಔಷಧಿ ಸೇರಿಸಿದಾಗ ಶೇ. 26.5.

ಪ್ರಕಾಶ: ರೇಡಿಯೇಶನ್ ಮುಗಿದ ಮೇಲೆ ಡೋಸ್ ಡಬಲ್ ಮಾಡಿದ್ದಾರೆ. ತಪ್ಪಾಗಿದೆಯಾ?

ಡಾಕ್ಟರ್: ಇಲ್ಲ. ರೇಡಿಯೇಶನ್ ವೇಳೆ ದಿನವೂ ದೇಹದ ಮೇಲ್ಮೈಯ ಚದರ ಮೀಟರಿಗೆ 75 ಮಿ.ಗ್ರಾಂ. ಆಮೇಲೆ 28 ದಿನಕ್ಕೊಮ್ಮೆ 5 ದಿನ ಮಾತ್ರ, 150ರಿಂದ 200.

ಶಿವಪ್ಪ: ಲಕ್ಷ್ಮಣ ಫಲ ಕೀಮೋಗಿಂತ 10,000 ಪಟ್ಟು ಶಕ್ತಿಶಾಲಿ. ಎಲೆ ಕಷಾಯ ಕುಡಿಸಿ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಕುಡಿಸಬೇಡಿ. ಆ ಹಣ್ಣಿನಲ್ಲಿರುವ ಅನೊನಾಸಿನ್ ನರಕೋಶಕ್ಕೆ ವಿಷ. ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆಗೂ ಇದಕ್ಕೂ ನಂಟು ಕಂಡಿದ್ದಾರೆ.

ಸುಮಾ: ಮೇಡಂ, ಅಪ್ಪಾಜಿಗೆ 61. ರೇಡಿಯೇಶನ್ ಮುಗಿದು 5 ವಾರ. ಎಂಆರ್‌ಐನಲ್ಲಿ ಗಡ್ಡೆ ದೊಡ್ಡದಾಗಿದೆ ಅಂತ ಬಂದಿದೆ. ಶುಗರ್ 310 ಆಯ್ತು ಅಂತ ತಮ್ಮ 4 ದಿನದಿಂದ ಡೆಕ್ಸಾ (ಡೆಕ್ಸಾಮೆಥಾಸೋನ್, ಸ್ಟೆರಾಯ್ಡ್) ಮಾತ್ರೆ ನಿಲ್ಲಿಸಿದ್ದಾನೆ. ದಿನಕ್ಕೆ 8 ಮಿ.ಗ್ರಾಂ, 7 ವಾರ ತಗೊಂಡಿದ್ರು. ಬೆಳಿಗ್ಗೆಯಿಂದ ಬರೀ ನಿದ್ದೆ, ಎರಡು ಸಲ ವಾಂತಿ.

ರವಿ: ಶಿವಪ್ಪನವರೇ, ಡಾಕ್ಟರ್ ಬೇಡ ಅಂದ್ರಲ್ಲ.

ಶಿವಪ್ಪ: ನಮ್ಮ ಹಿರಿಯರು ದಡ್ಡರಾ? ಎಲ್ಲಾ ಔಷಧಿ ಕಂಪನಿ ಆಟ.

ರವಿ: ಹಿರಿಯರು ಮಿದುಳಿನ ಗಡ್ಡೆಗೆ ಅದನ್ನ ಯಾವಾಗ ಕೊಟ್ಟಿದ್ರು? ಹೇಳಿ ನೋಡೋಣ.

ಗೀತಾ: ಪ್ಲೇಟ್‌ಲೆಟ್‌ಗೆ ಪಪ್ಪಾಯ ಎಲೆ ರಸ?

ಡಾಕ್ಟರ್: ಎಲ್ಲರೂ ಸ್ವಲ್ಪ ನಿಲ್ಲಿಸಿ. ಸುಮಾ, ಈಗಲೇ 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೊರಡಿ. ಬೆಳಗಿನವರೆಗೆ ಕಾಯಬೇಡಿ. ಬಾಯಿಗೆ ಏನೂ ಹಾಕಬೇಡಿ, ನೀರೂ ಬೇಡ. ಒಂದು ಮಗ್ಗುಲಿಗೆ ಮಲಗಿಸಿ. ಡೆಕ್ಸಾ ಮಿದುಳಿನ ಊತವನ್ನು ಹಿಡಿದಿಟ್ಟಿತ್ತು, ನಿಲ್ಲಿಸಿದ್ದರಿಂದ ಮತ್ತೆ ಊದಿರಬಹುದು. 7 ವಾರ ಹೊರಗಿನಿಂದ ಸ್ಟೆರಾಯ್ಡ್ ಸಿಕ್ಕಾಗ ಮೂತ್ರಪಿಂಡದ ಮೇಲಿನ ಗ್ರಂಥಿ ತನ್ನ ಕೆಲಸ ನಿಲ್ಲಿಸಿರುತ್ತೆ. ಹಠಾತ್ ಬಿಟ್ಟರೆ ಬಿಪಿ ಕುಸಿಯಬಹುದು. ಹೋದ ತಕ್ಷಣ ಇಷ್ಟು ಹೇಳಿ: ‘ಡೆಕ್ಸಾ 8 ಮಿ.ಗ್ರಾಂ, 7 ವಾರ, 4 ದಿನದಿಂದ ನಿಂತಿದೆ.’ ಶುಗರ್, ಸೋಡಿಯಂ, ಸಿಟಿ ಸ್ಕ್ಯಾನ್ ಅವರು ನೋಡುತ್ತಾರೆ. ಶುಗರ್ ಏರಿದರೆ ಇನ್ಸುಲಿನ್ ಕೊಡಬೇಕು, ಡೆಕ್ಸಾ ಬಿಡಬೇಕಾದರೆ ವೈದ್ಯರು ಹಂತಹಂತವಾಗಿ ಇಳಿಸಬೇಕು. ಮಾತ್ರೆ ಸ್ಟ್ರಿಪ್, ಎಂಆರ್‌ಐ ಸಿಡಿ ಒಯ್ಯಿರಿ.

ಎಂಆರ್‌ಐ ನೋಡಿ ಕೈಚೆಲ್ಲಬೇಡಿ. ರೇಡಿಯೇಶನ್ ಆದ ಮೊದಲ 3 ತಿಂಗಳಲ್ಲಿ ರಕ್ತನಾಳ ಸೋರಿ, ಬೆಳೆಯದ ಗಡ್ಡೆಯೂ ಬೆಳೆದಂತೆ ಕಾಣುವುದುಂಟು. ಎಂಜಿಎಂಟಿ ಮೀಥೈಲೇಟೆಡ್ ಇದ್ದವರಲ್ಲಿ ಇನ್ನೂ ಹೆಚ್ಚು. ಗಡ್ಡೆಯ ರಕ್ತದ ಹರಿವು ತೋರಿಸುವ ಪರ್ಫ್ಯೂಶನ್ ಎಂಆರ್‌ಐ ಮಾಡಿಸಬಹುದಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಅದು ಆಮೇಲಿನ ಮಾತು. ಈಗ ಹೊರಡಿ.

ಲೋಕೇಶ: ಆಯುಷ್ಮಾನ್ ಕಾರ್ಡಿನಲ್ಲಿ ಈ ಕ್ಯಾಪ್ಸೂಲ್ ಸಿಗುತ್ತಾ?

ಗೀತಾ: ಪಪ್ಪಾಯ ಕೇಳಿದ್ದೆ ಮೇಡಂ.

ಡಾಕ್ಟರ್: ಬೇಡ. ಡೆಂಗ್ಯೂ ಬೇರೆ, ಇಲ್ಲಿ ಔಷಧಿಯಿಂದ ಮೂಳೆಮಜ್ಜೆ ಸೊರಗಿರುತ್ತೆ. ಪ್ಲೇಟ್‌ಲೆಟ್ 1 ಲಕ್ಷ, ನ್ಯೂಟ್ರೋಫಿಲ್ (ಸೋಂಕು ತಡೆಯುವ ಬಿಳಿ ರಕ್ತಕಣ) 1,500 ಮುಟ್ಟುವವರೆಗೆ ಮುಂದಿನ ಸೈಕಲ್ ತಡೆಯುತ್ತಾರೆ, ಅಷ್ಟೇ.

ಆನಂದ: ಕ್ಯಾಪ್ಸೂಲ್ ಊಟದ ಮೇಲೆ ಕೊಡಬಹುದಾ?

ಡಾಕ್ಟರ್: ಮೇಲೆ ಓದಿ.

ಶಿವಪ್ಪ: ಬಿಸಿ ನಿಂಬೆ ನೀರಿನಿಂದ ಕ್ಯಾನ್ಸರ್ ಕೋಶ...

ರವಿ: ಅಡ್ಮಿನ್, ಇವರನ್ನು ತೆಗೀರಿ ಮಾರಾಯ್ರೇ.

ಡಾಕ್ಟರ್: ಇನ್ನೊಂದು ಫಾರ್ವರ್ಡ್ ಬಂದರೆ ನಾನೇ ಹೊರಡುತ್ತೇನೆ. ಈ ಗಲಾಟೆಯಲ್ಲಿ ಸುಮಾ ಅವರ ಪ್ರಶ್ನೆ ಕಣ್ತಪ್ಪುವುದರಲ್ಲಿತ್ತು. ಸುಮಾ, ಹೊರಟಿರಾ?

ಸುಮಾ: ಆಂಬುಲೆನ್ಸ್ ಬಂತು ಮೇಡಂ. ಸ್ಟ್ರಿಪ್ ತಗೊಂಡಿದ್ದೀನಿ.