ತೊಡೆ ಹಿಂದಿನ ನೋವು ಹೋಗ್ಯದ, ಹುಡುಗನ್ನ ಆಡಿಸ್ಲೇನ್ರಿ?

ಪ್ರಶ್ನೆ (ಪಿಇ ಮಾಸ್ತರ್, ಸಿಂಧನೂರು): ಸರ್, ನಮ್ಮ ಖೋ-ಖೋ ಟೀಮಿನ ಹುಡುಗ, ವಯಸ್ಸು 16. ಮೂರು ವಾರದ ಹಿಂದ ಚೇಸಿಂಗ್ ಮಾಡುವಾಗ ತೊಡೆ ಹಿಂದ ‘ಚಟ್’ ಅಂತು. ಈಗ ನಡೆದ್ರ ನೋವಿಲ್ಲ ಅಂತಾನ. ಮುಂದಿನ ವಾರ ಮ್ಯಾಚ್ ಅದ. ದಿನಾ ಸ್ಟ್ರೆಚಿಂಗ್ ಮಾಡ್ಸಾಕತ್ತೀನ್ರಿ.

ಉತ್ತರ (ಫಿಸಿಯೋಥೆರಪಿಸ್ಟ್, ಬಳ್ಳಾರಿ): ಮಾಸ್ತರೇ, ಮೊದಲು ನೋವಿದ್ದ ಜಾಗ ನೋಡಿ. ತೊಡೆಯ ನಡುವೆಯಾ, ಇಲ್ಲಾ ಕುಂಡಿಯ ಕೆಳಗೆ, ಕೂತಾಗ ನೆಲಕ್ಕೆ ಒತ್ತುವ ಎಲುಬಿನ ಹತ್ತಿರವಾ? ಈ ವಯಸ್ಸಲ್ಲಿ ಆ ಎಲುಬಿನ ಬೆಳೆಯುವ ತುದಿ ಇನ್ನೂ ಪೂರ್ತಿ ಕೂಡಿರುವುದಿಲ್ಲ. ಸ್ನಾಯು ಹರಿಯುವ ಬದಲು ಎಲುಬಿನ ಚೂರನ್ನೇ ಕಿತ್ತುಕೊಂಡು ಬರಬಹುದು. ಅಲ್ಲಿ ಒತ್ತಿದರೆ ನೋವಿದ್ದರೆ ಎಕ್ಸ್-ರೇ ಆಗೋ ತನಕ ಸ್ಟ್ರೆಚಿಂಗೂ ಬೇಡ.

ನೋವಿದ್ದದ್ದು ತೊಡೆಯ ನಡುವೆ ಆಗಿದ್ದರೆ ಹೀಗೆ ಮಾಡಿ: ಅಂಗಾತ ಮಲಗಿಸಿ, ಒಂದು ಹಿಮ್ಮಡಿ ಸ್ಟೂಲ್ ಮೇಲಿಟ್ಟು ಸೊಂಟ ಎತ್ತಿಸಿ. ಎರಡೂ ಕಾಲಿನ ಎಣಿಕೆ ಹೆಚ್ಚುಕಮ್ಮಿ ಸಮ ಬರಬೇಕು. ಆಮೇಲೆ 40 ಮೀಟರ್ ಓಟ: ಅರ್ಧ ವೇಗ, ಮುಕ್ಕಾಲು, ಶೇ. 90, ಪೂರ್ತಿ. ನಡುನಡುವೆ ಒಂದೊಂದು ದಿನ ಬಿಡುವು. ಹಿಡಿದಂಗಾದರೆ ಒಂದು ಮೆಟ್ಟಿಲು ಹಿಂದಕ್ಕೆ. ಕೊನೆಗೆ ಕೂತಲ್ಲಿಂದ ಎದ್ದು ಓಡೋದು, ಕಂಬ ತಿರುಗೋದು. ಇಷ್ಟು ಮುಂದಿನ ವಾರದೊಳಗೆ ಮುಗಿಯೋದು ಕಷ್ಟ.

ಇನ್ನು ಸ್ಟ್ರೆಚಿಂಗ್. ಅದೊಂದೇ ಸಾಲದು. ಜೋರಾಗಿ ಓಡುವಾಗ ಮುಂದೆ ಚಾಚಿದ ಕಾಲಿಗೆ ತೊಡೆ ಹಿಂದಿನ ಈ ಸ್ನಾಯು ಬ್ರೇಕ್ ಹಾಕುತ್ತೆ. ಪಾದ ನೆಲ ಮುಟ್ಟುವ ಮುಂಚಿನ ಆ ಗಳಿಗೆಯಲ್ಲೇ ಅದು ಹರಿಯುವುದು ಹೆಚ್ಚು. ಉದ್ದವಾಗುತ್ತಲೇ ತಡೆಯುವ ಶಕ್ತಿ ಬೇಕು, ಅದಕ್ಕೆ ನಾರ್ಡಿಕ್ ವ್ಯಾಯಾಮ. ಮಡಚಿದ ಜಮಖಾನದ ಮೇಲೆ ಮೊಣಕಾಲೂರಿಸಿ. ಜೊತೆಗಾರ ಹಿಡಿಯಬೇಕಾದ್ದು ಹರಡು, ಮೀನಖಂಡ ಅಲ್ಲ. ಮೊಣಕಾಲಿಂದ ತಲೆವರೆಗೆ ಒಂದೇ ಗೆರೆಯಲ್ಲಿ ನಿಧಾನ ಮುಂದಕ್ಕೆ ಬಾಗಿ, ತಡೆಯೋಕಾಗದಾಗ ಕೈಯೂರಿ, ಕೈಯಿಂದಲೇ ತಳ್ಳಿ ಏಳಬೇಕು. ಎಲ್ಲರೂ ತಪ್ಪೋದು ಸೊಂಟದಲ್ಲಿ: ನಮಾಜಿಗೆ ಬಾಗಿದಂಗೆ ಮಡಚಿದರೆ ತೊಡೆಗೆ ಬೀಳಬೇಕಾದಷ್ಟು ಭಾರ ಬೀಳಲ್ಲ.

ಮೊದಲ ವಾರ ಒಂದೇ ದಿನ, 5ರಂತೆ 2 ಸೆಟ್. ಎರಡನೇ ವಾರ 2 ದಿನ, 6ರಂತೆ 2. ಮೂರನೇ ವಾರದಿಂದ 3 ದಿನ: ಆ ವಾರ 6–8ರಂತೆ 3, ನಾಲ್ಕನೇ ವಾರ 8–10ರಂತೆ 3. ಐದರಿಂದ ಹತ್ತನೇ ವಾರದವರೆಗೆ ಮೂರು ಸೆಟ್‌ಗೆ 12, 10, 8. ಮುಂದೆ ವಾರಕ್ಕೊಮ್ಮೆ. ಡೆನ್ಮಾರ್ಕಿನ 942 ಫುಟ್ಬಾಲ್ ಆಟಗಾರರ ಅಧ್ಯಯನದಲ್ಲಿ (2011) ಇದೇ ಕ್ರಮ ಹಿಡಿದವರಿಗೆ ತೊಡೆ ಹಿಂದಿನ ಪೆಟ್ಟು ಕಡಿಮೆಯಾಯಿತು, ಮರುಪೆಟ್ಟಂತೂ ಇನ್ನೂ ಕಡಿಮೆ. ಉಮೇದಿಗೆ ಮೊದಲ ದಿನವೇ 30 ಮಾಡಿಸಿದರೆ ಮರುದಿನ ಹುಡುಗರು ಮೆಟ್ಟಿಲು ಇಳಿಯೋಕೂ ಪರದಾಡ್ತಾರೆ, ಮತ್ತೆ ಆ ಕಡೆ ಸುಳಿಯಲ್ಲ.

ಪ್ರಶ್ನೆ (ಲಿಂಗಸುಗೂರು): ನಮ್ಮ ಬಿಸಿಲಿಗೆ ಮೈ ಮೊದ್ಲೇ ಕಾದಿರ್ತದ, ವಾರ್ಮಪ್ ಯಾಕ್ರಿ? ಮತ್ತ ಹುಡುಗರನ್ನ ಐಸ್ ನೀರಿನ ಟಬ್‌ನ್ಯಾಗ ಕೂಡ್ಸಬೇಕೇನ್ರಿ?

ಉತ್ತರ: ಕಾದಿರೋದು ಚರ್ಮ. ಸ್ನಾಯುವಿಗೆ ಬೇಕಾದ್ದು ಏರುತ್ತಾ ಹೋಗುವ ಓಟ. ಬೇಸಿಗೆಯಲ್ಲಿ ಅದನ್ನ ನೆರಳಲ್ಲಿ, ಚುಟುಕಾಗಿ ಮುಗಿಸಿ. ಐಸ್ ಟಬ್ ಒಂದೇ ದಿನ ಎರಡು ಮ್ಯಾಚ್ ಇದ್ದಾಗ ಸರಿ. ಶಕ್ತಿ ವ್ಯಾಯಾಮ ಆದಮೇಲೆ ಪ್ರತಿಸಲ ಕೂರಿಸಿದರೆ ಸ್ನಾಯು ಬಲಿಯೋದೇ ಕುಂಠಿತವಾಗುತ್ತೆ.

ಪಿಇ ಮಾಸ್ತರ್: ಒತ್ತಿ ನೋಡಿದ್ವಿ ಸರ್. ಮ್ಯಾಲೆ, ಎಲುಬಿನ ಹತ್ರನ ನೋವದ ಅಂತಾನ.

ಉತ್ತರ: ಹಂಗಾದ್ರೆ ಓಟ, ಸ್ಟ್ರೆಚಿಂಗ್ ಎರಡೂ ನಿಲ್ಲಿಸಿ, ಎಲುಬಿನ ಡಾಕ್ಟರಿಗೆ ತೋರಿಸಿ. ಸೊಂಟದ ಕೆಳಗಿನ ಎಲುಬಿನ (ಪೆಲ್ವಿಸ್) ಎಕ್ಸ್-ರೇ ಕೇಳಿ, ಎರಡೂ ಬದಿ ಹೋಲಿಸೋಕೆ ಬರುವಂತೆ. ಬರೀ ತೊಡೆಯದ್ದು ತೆಗೆದರೆ ಆ ಜಾಗ ಬಿಟ್ಟುಹೋಗಬಹುದು.